ದಳಪತಿ ಕುಮೊಹಾರನನ್ನು ಅವಧಿಗೆ ಮುನ್ನ ಸಾಯಿಸಿದ ಬಗ್ಗೆ

ಕನ್ನಡ ಧ್ವನಿ ವಿಭಾಗ
ಎರಡನೆಯ ಮಹಡಿ, ಮಾದಾಪುರ, ಹೈದರಾಬಾದ್

ಸುತ್ತೋಲೆ ಸಂಖ್ಯೆ: ಕಧ್ವಿ/ಮರಣ/ಮುಂಗಡ/07/2011

ವಿಷಯ: ಮುಂದೆ ಸಾಗದೆ ನಿಂತಲ್ಲೇ ನಿಲ್ಲುವ ಜಪಾನಿ ಚಿತ್ರ ಧಾರಾವಾಹಿಗಳಲ್ಲಿ ಪಾತ್ರಗಳು ಸಾಯಬೇಕಾದ ಕ್ರಮ, ಅಲ್ಲಿಯವರೆಗೆ ಕಲಾವಿದರು ಕಾಯಬೇಕಾದ ಕ್ರಮ, ಹಾಗೂ ಚಹಾ.

ಉಲ್ಲೇಖ: (1) ‘ಗಾಳಿಕೋಟೆ’ ಧಾರಾವಾಹಿ, ಸೇತುವೆ ಕಾಳಗದ ಎಲ್ಲ ಕಂತುಗಳು. (2) ಕಲಾವಿದ ಶ್ರೀ ವಾಸುದೇವ ಅವರ ಗಂಟಲು. (3) ಸಹಿದಾರರ ಹಿಂದಿನ ಸುತ್ತೋಲೆ, ಯಾರೂ ಓದದೆ ಉಳಿದದ್ದು.

ಮೇಲ್ಕಂಡ ವಿಷಯದಲ್ಲಿ ವಿಭಾಗದ ಎಲ್ಲರಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ. ನಡೆದದ್ದನ್ನು ನಡೆದಂತೆ ಹೇಳದೆ ನಿಯಮ ಹೇಳಿದರೆ ಅದು ಯಾರ ತಲೆಗೂ ಹೋಗುವುದಿಲ್ಲವೆಂದು ಉಲ್ಲೇಖ (3)ರಿಂದ ದೃಢಪಟ್ಟಿರುವುದರಿಂದ, ಎರಡನ್ನೂ ಒಟ್ಟಿಗೇ ನೀಡಲಾಗಿದೆ.

1. ಮಾಂಗಾ ಎಂದರೆ ಜಪಾನಿನಲ್ಲಿ ಒಬ್ಬರು ಕುಳಿತು ವಾರವಾರ ಬರೆಯುವ ಚಿತ್ರಕಥೆ. ಆನಿಮೆ ಎಂದರೆ ಅದನ್ನೇ ನೂರಾರು ಮಂದಿ ಸೇರಿ ಟೀವಿಗೆಂದು ಚಲಿಸುವಂತೆ ಮಾಡಿದ್ದು. ನೂರಾರು ಮಂದಿಯ ಕೈ ಒಬ್ಬರ ಕೈಗಿಂತ ಬೇಗ ಓಡುವುದರಿಂದ ಆನಿಮೆ ಒಂದಲ್ಲ ಒಂದು ದಿನ ಮಾಂಗಾದ ಹಿಮ್ಮಡಿ ತುಳಿಯುವಷ್ಟು ಹತ್ತಿರ ಬರುತ್ತದೆ. ಬರೆಯುವವರು ಬೆನ್ನುನೋವೆಂದು ರಜೆ ಹಾಕಿದರಂತೂ ಮುಗಿಯಿತು. ಪ್ರಸಾರ ನಿಲ್ಲಿಸುವಂತಿಲ್ಲ, ಕಥೆ ಮುಂದೆ ಹೋಗುವಂತಿಲ್ಲ. ಆಗ ಪಾತ್ರಗಳು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತವೆ, ಬಾಲ್ಯವನ್ನು ನೆನೆಯುತ್ತವೆ, ಹೋದ ವಾರ ನೆನೆದದ್ದನ್ನು ಈ ವಾರವೂ ನೆನೆಯುತ್ತವೆ. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ವಿಭಾಗವು ಭಾವಿಸಿದೆ.

2. ‘ಗಾಳಿಕೋಟೆ’ಯಲ್ಲಿ ದುಷ್ಟ ದಳಪತಿ ಕುಮೊಹಾರನೂ ಬಾಲಕ ಮಿಚಿರುವೂ ಒಂದು ಹಗ್ಗದ ಸೇತುವೆಯ ಮೇಲೆ ವಾರಗಟ್ಟಲೆ ಕತ್ತಿ ಹಿರಿಯದೆ ಎದುರುಬದುರಾಗಿ ನಿಂತಿದ್ದರು. ಕುಮೊಹಾರನಿಗೆ ಶ್ರೀ ವಾಸುದೇವ ಧ್ವನಿ ನೀಡುತ್ತಿದ್ದರು. ಅವರು ಕುಷಾಯಿಗೂಡದ ಹತ್ತಿರದ ಕಾರ್ಖಾನೆಯಿಂದ ನಿವೃತ್ತರಾದವರು. ಕಾರ್ಖಾನೆಯ ಗಣೇಶೋತ್ಸವದ ನಾಟಕಗಳಲ್ಲಿ ಪ್ರತಿವರ್ಷ ಖಳರಾಗಿ ಹಲ್ಲು ಕಡಿದು ಹೆಸರಾದವರು. ಬಾಲಕನ ಧ್ವನಿ ಶ್ರೀಮತಿ ವನಜಾ ಅವರದು, ಅವರಿಗೆ ಮೊಮ್ಮಕ್ಕಳಿದ್ದಾರೆ. ಮಾತುಗಳನ್ನು ಕನ್ನಡಕ್ಕೆ ತರುವವರು ಶ್ರೀಮತಿ ಶಾಮಲಾ. ಇಡೀ ವಿಭಾಗದಲ್ಲಿ ಮಾಂಗಾವನ್ನು ಈವರೆಗೆ ಬಂದ ಕೊನೆಯ ಕಂತಿನವರೆಗೆ ಓದಿದವರು ಅವರೊಬ್ಬರೇ.

ಕತ್ತಿ ಒರೆಯಿಂದ ಹೊರಬಂದ ಮೇಲೆಯೇ ಚಹಾ ಎಂಬ ಹಳೆಯ ನಿಯಮದಿಂದಾಗಿ ಈ ಅವಧಿಯಲ್ಲಿ ಸಿಬ್ಬಂದಿಗೆ ಚಹಾ ಸಿಗದೆ ಹೋದದ್ದು ವಿಷಾದನೀಯ. ಇನ್ನು ಮುಂದೆ ಕೈ ಕತ್ತಿಯ ಹಿಡಿಕೆಯ ಮೇಲೆ ಹೋದರೆ ಚಹಾ ಕೊಡತಕ್ಕದ್ದು. ಬಿಸ್ಕತ್ತಿಗೆ ಮಾತ್ರ ಕತ್ತಿ ಪೂರ್ತಿ ಹೊರಬರಬೇಕು.

3. ಹೀಗಿರುವಾಗ ಶ್ರೀ ವಾಸುದೇವ ಅವರ ಗಂಟಲು ಕೆಟ್ಟಿತು. ಧ್ವನಿತಂತುವಿನ ಮೇಲೆ ಗಂಟಿದೆ, ಬೇಗ ತೆಗೆಯಬೇಕು, ಆಮೇಲೆ ದನಿ ಮೊದಲಿನಂತೆ ಬರುತ್ತದೆಂದು ಹೇಳಲಾಗದು ಎಂದು ವೈದ್ಯರು ಹೇಳಿದರು. ಅದನ್ನು ಅವರು ಯಾರಿಗೂ ಹೇಳದೆ ಶ್ರೀಮತಿ ಶಾಮಲಾ ಅವರ ಮೇಜಿನ ಬಳಿ ಬಂದು ನಿಂತರು. ಮುಂದಿನದು ವಿಚಾರಣೆಯಲ್ಲಿ ಶ್ರೀಮತಿ ಶಾಮಲಾ ನೀಡಿದ ಹೇಳಿಕೆಯಂತಿದೆ.

“ಶಾಮಲಾಬಾಯಿ, ಈ ಮನಷ್ಯಾ ಯಾವಾಗ ಸಾಯ್ತಾನ್ರಿ?”

“ಮಾಂಗಾದಾಗ ಅವ ಸತ್ತು ಭಾಳ ದಿನ ಆತು, ಕಾಕಾ. ಇವರ ಎಳದಾಡಾಕತ್ತಾರ. ಮುಂದಿನ ವಾರ ಹೋಗೇ ಹೋಗ್ತಾನ ತಗೋರಿ.”

“ಹಂಗಾದ್ರ ಚಲೋ. ಅಲ್ಲೀತನಕ ಡಾಕ್ಟರಗ ಏನರ ಒಂದು ನೆಪಾ ಹೇಳ್ತೀನಿ.”

ಆಗಲೇ ಶ್ರೀಮತಿ ಶಾಮಲಾ ಅವರಿಗೆ ವಿಷಯ ಗೊತ್ತಾದದ್ದು. ಬೇರೆಯವರಿಂದ ದನಿ ಕೊಡಿಸೋಣ, ನೀವು ಮೊದಲು ಆಸ್ಪತ್ರೆಗೆ ಹೋಗಿ ಎಂದು ಅವರು ಹೇಳಿದರು. ಶ್ರೀ ವಾಸುದೇವ ಒಪ್ಪಲಿಲ್ಲ. “ಇಷ್ಟ ದಿವಸ ಹುಡುಗೂರ ಕೈಲೆ ಬೈಸಿಕೊಂಡಾವ ನಾ. ಹಳ್ಳಿ ಸುಟ್ಟಾವ ನಾ, ಆ ಹುಡುಗನ ಅಪ್ಪನ್ನ ಕೊಂದಾವ ನಾ. ಈಗ ಚಂದಾಗಿ ಸಾಯೂ ಹೊತ್ತಿಗೆ ಇನ್ನೊಬ್ಬ ಬಂದು ಸತ್ತು ಹೋಗಬೇಕೇನು?”

ಮುಂದಿನ ವಾರದ ಕಂತು ಬಂತು. ಸೇತುವೆಯ ಕೆಳಗಿನ ಊರಿನಲ್ಲಿ ಅಡುಗೆ ಸ್ಪರ್ಧೆ. ಕುಮೊಹಾರ ತೀರ್ಪುಗಾರ. ಶ್ರೀ ವಾಸುದೇವ ಕೆಮ್ಮುತ್ತಲೇ ಇಡೀ ಕಂತಿನಲ್ಲಿ ನೂಡಲ್ಸ್ ಹೀರಿದರು. ಅದರಾಚೆಯ ವಾರ ಕುಮೊಹಾರ ಬಿಸಿನೀರಿನ ಬುಗ್ಗೆಯಲ್ಲಿ ಸ್ನಾನಕ್ಕಿಳಿದ. ಕಾಳಗದ ನಡುವೆ ಅಲ್ಲಿಗೆ ಹೇಗೆ ಹೋದನೆಂಬುದನ್ನು ಧಾರಾವಾಹಿಯು ತಿಳಿಸಿರುವುದಿಲ್ಲ.

ಆದ್ದರಿಂದ ಮಾಂಗಾ ಓದಿದ ಸಿಬ್ಬಂದಿಯು ಭವಿಷ್ಯ ನುಡಿಯತಕ್ಕದ್ದಲ್ಲ. ಒಂದು ಪಾತ್ರದ ಹೆಸರು ಬಂದಾಗ ‘ಪಾಪ’ ಎನ್ನುವುದು, ಊಟದ ಡಬ್ಬಿ ಬಿಚ್ಚುತ್ತಾ ಅರ್ಥಗರ್ಭಿತವಾಗಿ ನಿಟ್ಟುಸಿರು ಬಿಡುವುದು ಕೂಡ ಭವಿಷ್ಯ ನುಡಿದಂತೆಯೇ ಎಂದು ಪರಿಗಣಿಸಲಾಗುವುದು. ಹಾಗೆಯೇ ಖಳಪಾತ್ರಗಳು ನೂಡಲ್ಸ್ ಹೀರುವಾಗಲೂ ಕ್ರೌರ್ಯ ಕಡಿಮೆಯಾಗದಂತೆ ಹೀರತಕ್ಕದ್ದು.

4. ಶ್ರೀಮತಿ ಶಾಮಲಾ ಅವರಿಗೆ ಊಟ ರುಚಿಸದಾಯಿತು. ಮುಂದಿನ ವಾರ, ಮುಂದಿನ ವಾರ ಎಂದು ಆಸೆ ಹುಟ್ಟಿಸಿದವರು ತಾವೇ. ಆ ಮಾತು ನೆಚ್ಚಿಕೊಂಡೇ ಶ್ರೀ ವಾಸುದೇವ ಆಸ್ಪತ್ರೆಯ ದಿನವನ್ನು ಮುಂದೂಡುತ್ತಿದ್ದಾರೆ ಎಂಬುದು ಅವರನ್ನು ಕೊರೆಯಿತು. ಸಾವಿನ ದೃಶ್ಯವನ್ನು ಮುಂಚಿತವಾಗಿ ಧ್ವನಿಮುದ್ರಿಸಲು ಅನುಮತಿ ಕೋರಿ ಅವರು ಸಹಿದಾರರ ಕೊಠಡಿಗೆ ಬಂದರು. ಚಿತ್ರ ಬಂದಿಲ್ಲದ ಕಾರಣ, ಸಾಯುವ ಬಾಯಿಯು ಹೇಗೆ ಆಡುವುದೆಂದು ತಿಳಿಯದ ಕಾರಣ, ಇಂಥದ್ದು ಹಿಂದೆಂದೂ ನಡೆದಿಲ್ಲದ ಕಾರಣ ಅನುಮತಿ ನಿರಾಕರಿಸಲಾಯಿತು.

“ಸರ್, ಮನಷ್ಯಾರ ಗಂಟಲಾ ಅದು. ಕಂತು ನೋಡಿ ಕೆಡಂಗಿಲ್ಲ,” ಎಂದು ಅವರು ಹೇಳಿದರು. ನಿರಾಕರಣೆಯನ್ನು ಮತ್ತೊಮ್ಮೆ ಓದಿ ಹೇಳಲಾಯಿತು.

ಪಾತ್ರವು ಜೀವಂತವಿರುವವರೆಗೆ ಕಲಾವಿದರು ಕಾಯಿಲೆ ಬೀಳತಕ್ಕದ್ದಲ್ಲ ಎಂಬ ನಿಯಮವನ್ನು ಇಲ್ಲಿ ಸೇರಿಸಬೇಕೆಂದಿತ್ತು. ಬರೆದು ನೋಡಿದಾಗ ಸರಿ ಕಾಣಲಿಲ್ಲ. ಹೀಗಾಗಿ ಈ ಕಂಡಿಕೆಯಲ್ಲಿ ನಿಯಮವಿರುವುದಿಲ್ಲ.

5. ಅನುಮತಿ ಸಿಗದಿದ್ದರೂ ಶ್ರೀಮತಿ ಶಾಮಲಾ ಅವರು ಒಂದು ಮಧ್ಯಾಹ್ನ, ಸೋಪಿನ ಜಾಹೀರಾತಿನವರು ಬಾರದೆ ಸ್ಟುಡಿಯೋ ಖಾಲಿ ಬಿದ್ದಾಗ, ಧ್ವನಿಮುದ್ರಕ ಶ್ರೀ ವೈಜನಾಥ ಅವರನ್ನೂ ಶ್ರೀಮತಿ ವನಜಾ ಅವರನ್ನೂ ಒಪ್ಪಿಸಿದರು. ಶ್ರೀ ವೈಜನಾಥ ಅವರು ತಮ್ಮ ಹೇಳಿಕೆಯಲ್ಲಿ “ಮಶೀನ್ ಚೆಕ್ ಮಾಡಾಕತ್ತಿದ್ದೆ, ಅದರಾಗ ಇವರು ಬಂದು ಸತ್ರು” ಎಂದಿದ್ದಾರೆ. ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ, ನಂಬಲಾಗಿಲ್ಲ.

ಪರದೆಯ ಮೇಲೆ ಚಿತ್ರವಿರಲಿಲ್ಲ. ಶ್ರೀಮತಿ ಶಾಮಲಾ ಮಾಂಗಾದ ಹಾಳೆಗಳನ್ನು ಗಾಜಿನಾಚೆ ಎತ್ತಿ ಹಿಡಿದು ಒಂದೊಂದಾಗಿ ತಿರುವಿದರು. ಶ್ರೀ ವಾಸುದೇವ ಕೇಳಿದರು, “ಎಷ್ಟೊತ್ತು ಸಾಯಬೇಕ್ರಿ?”

“ಇಲ್ಲೆ ಎರಡ ಪುಟಾ ಐತಿ ಕಾಕಾ. ಟೀವ್ಯಾಗ ಎಷ್ಟು ಹಿಗ್ಗಸ್ತಾರೋ ಏನೋ. ನಿಮಗ ತಿಳದಂಗ ಹೋಗ್ರಿ.”

ಮಾಂಗಾದಲ್ಲಿ ಕುಮೊಹಾರ ಸೇತುವೆಯ ಹಲಗೆಗೆ ಒರಗಿ ಕೂರುತ್ತಾನೆ. ಅವನಿಗೆ ಕಣ್ಣು ಕಾಣುತ್ತಿಲ್ಲ. ಬಾಲಕನನ್ನು ಹತ್ತಿರ ಕರೆದು, ಕೋಟೆಯ ದೀಪಗಳು ಉರಿಯುತ್ತಿವೆಯೇ ಎಂದು ಕೇಳುತ್ತಾನೆ. ಕೋಟೆ ಬೂದಿಯಾಗಿದೆ. ಬಾಲಕ ಬೂದಿಯ ಕಡೆ ನೋಡಿ, ಉರಿಯುತ್ತಿವೆ ಎನ್ನುತ್ತಾನೆ. ಕುಮೊಹಾರ ಹೇಳುತ್ತಾನೆ: “ನಿನ್ನಪ್ಪನೂ ಸುಳ್ಳು ಹೇಳಿದವನಲ್ಲ.”

ಶ್ರೀ ವಾಸುದೇವ ಆ ಮಾತನ್ನು ಹಲ್ಲು ಕಡಿಯದೆ ಹೇಳಿದರು. ಮನೆಯ ಹಜಾರದಲ್ಲಿ ಪಕ್ಕದಲ್ಲಿ ಕುಳಿತವರಿಗೆ ಹೇಳುವಂತೆ ಹೇಳಿದರು. ಆ ಸುಳ್ಳು ತನಗೆ ತಿಳಿಯಿತು, ತಿಳಿದೂ ಅದನ್ನು ತೆಗೆದುಕೊಂಡೆ ಎಂಬುದೆಲ್ಲ ಅದರಲ್ಲಿತ್ತು. ಶ್ರೀಮತಿ ವನಜಾ ಅವರು ಬರಹದಲ್ಲಿ ಇಲ್ಲದ ಕಡೆ ಅತ್ತರು. ಶ್ರೀಮತಿ ಶಾಮಲಾ ಅವರು ಕೊನೆಯ ಹಾಳೆಯನ್ನು ತಿರುವುವುದನ್ನೇ ಮರೆತು ನಿಂತರು.

ಹೊರಬಂದ ಶ್ರೀ ವಾಸುದೇವ ಬಿಸಿನೀರು ಕುಡಿದು, “ಇನ್ನ ಕೊಯ್ಯಲಿ ಬಿಡ್ರಿ” ಎಂದರು. ಆ ವಾರವೇ ಆಸ್ಪತ್ರೆ ಸೇರಿದರು.

ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ: ಚಿತ್ರ ಬರುವ ಮುನ್ನ ಯಾರೂ ಸಾಯತಕ್ಕದ್ದಲ್ಲ. ಸಾಯಲೇಬೇಕಾದ ತುರ್ತಿದ್ದಲ್ಲಿ ಮೇಲಧಿಕಾರಿಯ ಪೂರ್ವಾನುಮತಿಯೊಂದಿಗೆ, ಕಚೇರಿ ವೇಳೆಯಲ್ಲಿ, ಸೋಪಿನವರು ಬಾರದಿರುವುದನ್ನು ಖಚಿತಪಡಿಸಿಕೊಂಡು ಸಾಯತಕ್ಕದ್ದು. ಬಾಲಕ ಪಾತ್ರಗಳ ಹೆಚ್ಚುವರಿ ಕಣ್ಣೀರಿಗೆ ಪ್ರತ್ಯೇಕ ಅನುಮತಿ ಬೇಕು.

6. ಗಂಟು ಅಪಾಯದ್ದಲ್ಲವೆಂದು ತಿಳಿದು ವಿಭಾಗವು ನೆಮ್ಮದಿಗೊಂಡಿತು. ಆದರೆ ಇನ್ನೂ ತಡಮಾಡಿದ್ದರೆ ಉಸಿರಿಗೇ ಕಷ್ಟವಾಗುತ್ತಿತ್ತೆಂದು ವೈದ್ಯರು ಗದರಿದರಂತೆ. ದನಿ ಮಾತ್ರ ಹೋಯಿತು. ಉಳಿದದ್ದು ಒಣಗಿದ ಜೋಳದ ಎಲೆ ಸರಿದಾಡಿದಂಥ ಪಿಸುದನಿ.

ಕುಮೊಹಾರ ಸಾಯುವ ಕಂತು ಬಂದದ್ದು ಬೇಸಿಗೆ ಕಳೆದ ಮೇಲೆ. ಎರಡು ಪುಟದ ಸಾವನ್ನು ಜಪಾನಿನವರು ಇಡೀ ಕಂತಿಗೆ ಹಿಗ್ಗಿಸಿದ್ದರು: ಹೂವಿನ ಎಸಳು ಬೀಳುತ್ತದೆ, ಕೆಳಗೆ ಹೊಳೆ ಹರಿಯುತ್ತದೆ, ಹಗ್ಗ ತೂಗುತ್ತದೆ, ಮತ್ತೆ ಎಸಳು. ಶ್ರೀ ವಾಸುದೇವ ಅವರ ಬದಲಿಗೆ ಹೊಸ ಕಲಾವಿದರೊಬ್ಬರನ್ನು ಕರೆಸಲಾಯಿತು. ಅಷ್ಟು ಹೊತ್ತಿಗೆ ಮಾತು ಸಾಲದೆಂದು ಅವರು ಖಾಲಿ ಇದ್ದಲ್ಲೆಲ್ಲ ನರಳಿದರು, ಗಹಗಹಿಸಿದರು, ಹಳ್ಳಿ ಸುಟ್ಟದ್ದನ್ನು ಮತ್ತೆ ವಿವರಿಸಿದರು. ಕೇಳಲಾರದೆ ಶ್ರೀಮತಿ ಶಾಮಲಾ ಎದ್ದು ನಿಂತು ತಪ್ಪೊಪ್ಪಿಕೊಂಡರು.

“ಕಾಕಾ ಮದಲ ಸತ್ತಾರ್ರಿ ಸರ್. ಅವರ ದನಿ ನಮ್ಮ ಹಂತ್ಯಾಕ ಐತಿ. ಒಮ್ಮೆ ಹಚ್ಚಿ ನೋಡ್ರಿ.”

“ಅಷ್ಟು ಚೂರು ಮಾತು ಇಡೀ ಕಂತಿಗೆ ಹೇಗೆ ಸಾಲುತ್ತದೆ?” ಎಂದು ಸಹಿದಾರರು ಪ್ರಶ್ನಿಸಿದರು.

“ಸಾಲಿಸಬ್ಯಾಡ್ರಿ. ಒಂದ ಮಾತು ಬಿಡೂದು, ಆಮ್ಯಾಲೆ ಸುಮ್ಮನಿರೂದು. ಅವರು ಎಳದಿದ್ದು ನಮಗ ತ್ರಾಸ ಅಲ್ಲರಿ. ಎಳದ ಜಾಗಾದಾಗ ಏನರ ತುಂಬಾಕ ಹೋಗ್ತೀವಲ್ಲ, ಅದ ತ್ರಾಸು.”

ಅದೃಷ್ಟವಶಾತ್ ಚಿತ್ರದಲ್ಲಿ ಕುಮೊಹಾರ ಹೊಳೆಯ ಕಡೆ ಮುಖ ಮಾಡಿದ್ದ, ತುಟಿ ಕಾಣುತ್ತಿರಲಿಲ್ಲ. ಶ್ರೀ ವೈಜನಾಥ ಅವರು ಒಂದೊಂದೇ ಮಾತನ್ನು ದೂರದೂರಕ್ಕೆ ಇಟ್ಟರು. ದೀಪ ಉರಿಯುತ್ತಿದೆಯೇ ಎಂದು ಕುಮೊಹಾರ ಕೇಳಿದ. ಎಸಳು ಬಿತ್ತು. ಹೊಳೆ ಹರಿಯಿತು. ಬಾಲಕ ಏನು ಹೇಳುತ್ತಾನೋ ಎಂದು ಇಡೀ ಕೊಠಡಿ ಕಾಯಿತು. ಇಷ್ಟು ವಾರ ಬೇಸರ ತರಿಸಿದ ನಿಧಾನ ಆ ಹೊತ್ತಿನಲ್ಲಿ ಸಾಕಾಗಲಿಲ್ಲ. ಹೊಸ ಕಲಾವಿದರೇ ಮೊದಲು ಎದ್ದು, ತಮ್ಮ ಚೀಲ ತೆಗೆದುಕೊಂಡು, ಎಲ್ಲರಿಗೂ ಕೈಮುಗಿದು ಹೋದರು.

ಆ ವೇಳೆ ಹಾಜರಿದ್ದ ಎಲ್ಲ ಸಿಬ್ಬಂದಿಯ, ಹಾಗೂ ಸಹಿದಾರರ, ಕಣ್ಣುಗಳಿಂದ ನೀರು ಬಂದಿರುವುದು ಎ.ಸಿ. ಯಂತ್ರದ ಧೂಳಿನಿಂದ ಎಂದು ನಿರ್ಣಯಿಸಲಾಗಿದೆ. ಯಂತ್ರವನ್ನು ಕೂಡಲೇ ಶುಚಿಗೊಳಿಸತಕ್ಕದ್ದು. ಮುಂದೆ ಯಾವ ಕಂತಿನಲ್ಲಾದರೂ ಎಸಳು ಬೀಳುತ್ತಿದ್ದಲ್ಲಿ, ಅದು ನೆಲ ಮುಟ್ಟುವವರೆಗೆ ಯಾರೂ ಮಾತಾಡತಕ್ಕದ್ದಲ್ಲ. ಎಸಳು ಗಾಳಿಯಲ್ಲಿರುವಾಗಲೇ ಕಂತು ಮುಗಿದಲ್ಲಿ ಮುಂದಿನ ವಾರದವರೆಗೆ ಮೌನ ಪಾಲಿಸತಕ್ಕದ್ದು.

7. ಅನುಮತಿಯಿಲ್ಲದೆ ನಡೆದುಕೊಂಡದ್ದಕ್ಕಾಗಿ ಶ್ರೀಮತಿ ಶಾಮಲಾ ಅವರಿಗೆ ದಂಡನೆ ವಿಧಿಸಲಾಗಿದೆ: ಕಾಳಗ ಮುಗಿದರೂ ಮಾಂಗಾಕಾರರ ಬೆನ್ನುನೋವಿನ ರಜೆ ಮುಗಿಯದ ಕಾರಣ ಜಪಾನಿನವರು ಹೊಸದಾಗಿ ಸೇರಿಸಿದ, ಮಾಂಗಾದಲ್ಲಿ ಇಲ್ಲದ ಎಲ್ಲ ಕಂತುಗಳನ್ನೂ ಅವರೊಬ್ಬರೇ ಕನ್ನಡಕ್ಕೆ ತರತಕ್ಕದ್ದು. ಅದರ ಮೊದಲ ಕಂತನ್ನು ನೋಡಿದ ದಿನ ಅವರು ಮನೆಗೆ ಹೋಗದೆ ನೇರವಾಗಿ ಕುಷಾಯಿಗೂಡದ ಬಸ್ಸು ಹತ್ತಿದರು.

ಶ್ರೀ ವಾಸುದೇವ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಕೇಳಿದ್ದಕ್ಕೆಲ್ಲ ತಲೆಯಾಡಿಸುವುದನ್ನು ಅವರು ರೂಢಿ ಮಾಡಿಕೊಂಡಿದ್ದಾರೆಂದು ಅವರ ಪತ್ನಿ ಗುರುದೇವಿ ಹೇಳಿದರು.

“ಕಾಕಾ, ಒಂದು ಪಾತ್ರ ಬಂದೈತಿ. ದಾರಿ ಮಗ್ಗಲಾ ಒಬ್ಬ ಮುದುಕ ಚಹಾ ಮಾರ್ತಾನ. ಅವಗ ದನಿ ಇಲ್ಲ, ಪಿಸುಗುಡ್ತಾನ.”

ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಪಿಸುದನಿಯಲ್ಲಿ, “ಮಾಂಗಾದಾಗ ಅವನ ಗತಿ ಏನಾಗ್ತದ?” ಎಂದರು.

“ಮಾಂಗಾದಾಗ ಅವ ಇಲ್ಲೇ ಇಲ್ರಿ. ಕತಿ ನಿಂತಾಗಷ್ಟ ಬರಾವ.”

“ಅಂದ್ರ ಬ್ಯಾಡಾದಾವ.”

“ಬ್ಯಾಡಾದಾವನ ಕಾಕಾ. ಅದಕ್ಕ ಅವನ್ನ ಸಾಯಿಸಾಕ ಆ ಮಾಂಗಾದವನ ಕೈಲೂ ಆಗಾಂಗಿಲ್ಲ. ಅವ ಇವನ್ನ ಬರದೇ ಇಲ್ಲಲ್ಲ.”

ಶ್ರೀ ವಾಸುದೇವ ನಕ್ಕರು. ಸದ್ದು ಬರಲಿಲ್ಲ, ಹೆಗಲು ಮಾತ್ರ ಕುಣಿದವು. ಒಳಗೆ ಹೋಗಿದ್ದ ಗುರುದೇವಿ ಏನಾಯಿತೋ ಎಂದು ಬಾಗಿಲಿಗೆ ಬಂದು ನೋಡಿ, ಅಲ್ಲೇ ನಿಂತುಬಿಟ್ಟರು.

ಸದರಿ ಶ್ರೀ ವಾಸುದೇವ ಅವರು ಮುಂದಿನ ಸೋಮವಾರದಿಂದ ಕೆಲಸಕ್ಕೆ ಹಾಜರಾಗುತ್ತಿದ್ದಾರೆ. ಅವರಿರುವ ಕಂತುಗಳನ್ನು ಯಾರೂ ‘ಸುಮ್ಮನೆ ತುಂಬಿದ್ದು’ ಎಂದು ಕರೆಯತಕ್ಕದ್ದಲ್ಲ. ಮಾಂಗಾಕಾರರ ಬೆನ್ನುನೋವು ಬೇಗ ಗುಣವಾಗಲೆಂದು ವಿಭಾಗವು ಹಾರೈಸುತ್ತದೆ. ತೀರಾ ಬೇಗ ಬೇಡ.

ಸಹಿ/-
ಶಿವಾನಂದ
ಮೇಲ್ವಿಚಾರಕರು, ಕನ್ನಡ ಧ್ವನಿ ವಿಭಾಗ
(ಸರ್ಕಾರಿ ಸೇವೆಯಿಂದ ನಿವೃತ್ತರು, ಅಭ್ಯಾಸದಿಂದಲ್ಲ)

ಪ್ರತಿಗಳು:
1. ಧ್ವನಿಮುದ್ರಣ ಕೊಠಡಿಯ ಬಾಗಿಲಿಗೆ, ಒಳಬದಿಯಲ್ಲಿ ಅಂಟಿಸಲು.
2. ಕ್ಯಾಂಟೀನಿಗೆ, ಬಿಸ್ಕತ್ತಿನ ಬಗ್ಗೆ ಕ್ರಮಕ್ಕಾಗಿ.
3. ಎ.ಸಿ. ರಿಪೇರಿಯವರಿಗೆ, ಧೂಳಿನ ಬಗ್ಗೆ. ಧೂಳು ಇಲ್ಲವೆಂಬ ಅವರ ವರದಿಯನ್ನು ತಿರಸ್ಕರಿಸಲಾಗಿದೆ.
4. ಕಿವಿ-ಮೂಗು-ಗಂಟಲಿನ ವೈದ್ಯರಿಗೆ, ವಂದನೆಗಳೊಂದಿಗೆ.
5. ಸೋಪಿನ ಜಾಹೀರಾತಿನವರಿಗೆ, ಬಾರದೆ ಇದ್ದದ್ದಕ್ಕೆ ಕೃತಜ್ಞತೆಗಳೊಂದಿಗೆ.
6. ದಿವಂಗತ ದಳಪತಿ ಕುಮೊಹಾರ ಅವರಿಗೆ, ಮಾಹಿತಿಗಾಗಿ.