ಸಕ್ಕರೆ ಬಿಟ್ಟವರ ತೂಕ

ಸಿಹಿ ಕಡಿಮೆ ಮಾಡಿ ಎಂದು ಹೇಳುವ ಕೆಲಸಕ್ಕೆ ಇಳಿದವರಿಗೆ ನಗುವ ಪ್ರಸಂಗಗಳು ತಾವಾಗಿಯೇ ಮನೆ ಹುಡುಕಿಕೊಂಡು ಬರುತ್ತವೆ. ಎಂಬತ್ತರ ದಶಕದಲ್ಲಿ ನಾನು ಸರಕಾರಿ ಡಾಕ್ಟರಾಗಿ ಕಲಘಟಗಿ, ಕುಂದಗೋಳ, ಅಣ್ಣಿಗೇರಿ ಕಡೆ ಕೆಲಸ ಮಾಡಿದೆ. ಹೆಣ್ಣು ಡಾಕ್ಟರಾದ್ದರಿಂದ ಜನ ನನ್ನನ್ನು ಕರೆಯುತ್ತಿದ್ದದ್ದು "ಡಾಕ್ಟರ್ ಬಾಯಾರ" ಎಂದು. ಆಗ ಪೇಪರಿನಲ್ಲಿ ಒಂದು ವಾರ ಸಕ್ಕರೆ ಕೆಟ್ಟದ್ದು ಎಂದು ಬಂದರೆ ಇನ್ನೊಂದು ವಾರ ಸಕ್ಕರೆಯ ಬದಲು ಹಾಕುವ ಸ್ಯಾಕ್ರಿನ್ ಕೆಟ್ಟದ್ದು ಎಂದು ಬರುತ್ತಿತ್ತು. ಪೇಪರ್ ಓದಿದವರು ಬಂದು ನನ್ನ ಜೊತೆ ವಾದ ಮಾಡುತ್ತಿದ್ದರು. ಓದದವರು ವಾದ ಮಾಡದೆ ತಿನ್ನುತ್ತಿದ್ದರು.

ಇರುವೆ ಮುಟ್ಟದ ಶರಬತ್ತು

ಬಸ್ ಸ್ಟ್ಯಾಂಡ್ ಬಾಜೂಕ್ಕೆ ಒಂದು ಸೋಡಾ ಅಂಗಡಿ ಇತ್ತು. ಅದರ ಮಾಲೀಕರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು. ಕಾಕಾ ಗೋಲಿ ಸೋಡಾದ ಜೊತೆ ಕೆಂಪು, ಹಸಿರು, ಕಿತ್ತಳೆ ಬಣ್ಣದ ಶರಬತ್ತನ್ನೂ ಬಾಟಲಿಗೆ ತುಂಬಿ ಮಾರುತ್ತಿದ್ದರು. ಒಂದು ದಿನ ನಾನು ಹೈಸ್ಕೂಲಿನಲ್ಲಿ ಊರವರ ಮುಂದೆ ಮಾತಾಡುವಾಗ, ಇಂಥ ಬಣ್ಣದ ಶರಬತ್ತಿನಲ್ಲಿ ಸಕ್ಕರೆಯ ಬದಲು ಸ್ಯಾಕ್ರಿನ್ ಹಾಕುವುದೂ ಉಂಟು, ಅದಕ್ಕೆ ಇರುವೆ ಸಾಮಾನ್ಯವಾಗಿ ಬರುವುದಿಲ್ಲ ಎಂದುಬಿಟ್ಟೆ.

ಅದನ್ನು ಕೇಳಿಸಿಕೊಂಡ ರೈತನೊಬ್ಬ ಸಂಜೆಯೇ ಕಾಕಾನ ಅಂಗಡಿಯ ಕಟ್ಟೆಯ ಮೇಲೆ ಅರ್ಧ ಬಾಟಲಿ ಸುರಿದು ಕೂತ. ಸುತ್ತ ಜನ ಸೇರಿದರು. ಇರುವೆಗಳ ಸಾಲು ಬಂತು, ಅಂಚಿಗೆ ನಿಂತಿತು, ಸುತ್ತು ಹಾಕಿಕೊಂಡು ಹೋಯಿತು. "ಏನ್ರಿ ಕಾಕಾ, ಇರಿವಿ ಸೈತ ಮೂಸಿ ನೋಡವಲ್ದು!" ಎಂದು ರೈತ ಕೂಗಾಡಿದ. ಕಾಕಾ ಅಂದು ಬಾಗಿಲು ಹಾಕಿಕೊಂಡು ಮನೆಗೆ ಹೋದರು. ನನಗೆ ಕೆಡುಕೆನಿಸಿತು.

ವಾರದ ಸಂತೆಯ ದಿನ ನೋಡಿದರೆ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹೊಸ ಬೋರ್ಡು ತೂಗುತ್ತಿತ್ತು: "ಇರುವೆ ಸಹ ಮುಟ್ಟದ ಶುದ್ಧ ಶರಬತ್ತು. ದಪ್ಪ ಇದ್ದವರಿಗೆ ಉತ್ತಮ. ಡಾಕ್ಟರ್ ಬಾಯಾರು ಮೆಚ್ಚಿದ್ದು."

"ಕಾಕಾ, ನಾ ಯಾವಾಗ ಮೆಚ್ಚಿದ್ನಿ?" ಎಂದೆ.

"ಸಕ್ಕರಿ ತಿನಬ್ಯಾಡ್ರಿ ಅಂತ ಊರಿಗೆಲ್ಲಾ ಹೇಳಾವ್ರು ನೀವ. ಇದರಾಗ ಸಕ್ಕರಿ ಇಲ್ಲ ಅಂತ ಹೇಳಿದಾವ್ರೂ ನೀವ. ಇನ್ನ ಮೆಚ್ಚೂದು ಏನ್ ಉಳೀತ್ರಿ?"

ದೊಡ್ಡ ಡಬ್ಬಿ

ಕಲಘಟಗಿ ಹತ್ತಿರದ ತಂಬೂರ ಊರಿನ ಒಬ್ಬ ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು ದವಾಖಾನೆಗೆ ಬಂದಳು. ಎತ್ತಿಕೊಂಡು ಬಂದಳು ಎನ್ನುವುದು ಮಾತಿಗೆ. ಅರ್ಧ ದಾರಿ ಅಜ್ಜಿ, ಅರ್ಧ ದಾರಿ ಸೊಸೆ ಹೊತ್ತಿದ್ದರು. ಇಬ್ಬರಿಗೂ ಏದುಸಿರು. ಮಗುವಿನ ಕೆನ್ನೆಗಳ ನಡುವೆ ಮೂಗು ಹುಡುಕಬೇಕಿತ್ತು.

"ಏನಾಗೇತ್ರಿ?" ಎಂದೆ.

"ಕೂಸು ನಡ್ಯಾಕ ಒಲ್ಲದ್ರಿ. ಶಕ್ತಿ ಸಾಲವಲ್ದು ಕಾಣ್ತೈತಿ."

ಏನು ತಿನ್ನಿಸುತ್ತೀರಿ ಎಂದು ಕೇಳಿದೆ. ಹುಬ್ಬಳ್ಳಿಯಿಂದ ತಂದ ಡಬ್ಬಿಯ ಪುಡಿಯನ್ನು ಹಾಲಿಗೆ ಹಾಕುವುದು, ಅದರ ಮೇಲೆ ಸಕ್ಕರೆ ಹಾಕುವುದು, ಅದರಲ್ಲಿ ಬಿಸ್ಕೀಟು ಅದ್ದಿ ತಿನ್ನಿಸುವುದು. ಅತ್ತರೆ ಮತ್ತೊಮ್ಮೆ ಅದೇ. ನಕ್ಕರೂ ಅದೇ.

"ಅಮ್ಮಾ, ಆ ಪುಡಿಯೊಳಗ ಮೊದಲ ಸಕ್ಕರಿ ಇರತೈತ್ರಿ. ರೊಟ್ಟಿ, ಬ್ಯಾಳಿ, ಕಾಯಿಪಲ್ಲೆ ಕೊಡ್ರಿ. ಕೂಸು ಭಾಳ ದಪ್ಪ ಆಗೇತಿ."

ಅಜ್ಜಿಗೆ ಸಿಟ್ಟು ಬಂತು. ದಪ್ಪ ಎಂಬ ಮಾತು ಮಗುವಿಗೆ ತಾಕದಂತೆ ನೆಟಿಗೆ ಮುರಿದಳು. ಚೀಲದಿಂದ ಡಬ್ಬಿ ತೆಗೆದು ಅದರ ಮೇಲಿನ ಚಿತ್ರ ತೋರಿಸಿದಳು. ದುಂಡು ಮುಖದ ಕೂಸು ನಗುತ್ತಿತ್ತು. "ಹಿಂಗ ಆಗಬೇಕ್ರಿ ನಮ್ಮ ಹುಡುಗ."

"ನಿಮ್ಮ ಹುಡುಗ ಈ ಡಬ್ಬಿ ಮ್ಯಾಲಿನ ಕೂಸನ್ನ ಎಂದೋ ದಾಟಿ ಹೋಗ್ಯಾನ್ರಿ," ಎಂದೆ.

ಅಜ್ಜಿ ಒಮ್ಮೆ ಡಬ್ಬಿಯನ್ನು, ಒಮ್ಮೆ ಮೊಮ್ಮಗನನ್ನು ನೋಡಿದಳು. ನನ್ನ ಮಾತು ನಾಟಿತು ಅಂದುಕೊಂಡೆ. ಅವಳು ಸೊಸೆಯ ಕಡೆ ತಿರುಗಿ ಹೇಳಿದಳು: "ಕೇಳಿದೇನ ಬೇ? ಇನ್ನ ದೊಡ್ಡ ಡಬ್ಬಿ ತರಬೇಕಂತ."

ಗಣಿತದ ಮಾಸ್ತರರು

ಸಕ್ಕರೆ ಕಾಯಿಲೆಯಿದ್ದ ಒಬ್ಬ ಮಾಸ್ತರರಿಗೆ ಚಹಾಕ್ಕೆ ಸ್ಯಾಕ್ರಿನ್ ಗುಳಿಗೆ ಹಾಕಿಕೊಳ್ಳಲು ಹೇಳಿದ್ದೆ. ಒಮ್ಮೆ ಬಸ್ಸಿಗೆ ಕಾಯುತ್ತ ಚಾದಂಗಡಿಯೊಳಗೆ ಹೋದರೆ ಅವರು ಅಲ್ಲೇ ಇದ್ದರು. ನನ್ನನ್ನು ಕಂಡು ಹೆಮ್ಮೆಯಿಂದ ಸಣ್ಣ ಡಬ್ಬಿ ತೆಗೆದು ಚಹಾಕ್ಕೆ ಗುಳಿಗೆ ಹಾಕಿದರು. ಮುಂದಿನ ತಾಟಿನಲ್ಲಿ ಪೇಢೆಗಳಿದ್ದವು.

"ಇದೇನ್ರಿ ಮಾಸ್ತರ?"

"ಚಹಾದಾಗ ಉಳಿಸಿದ ಸಕ್ಕರೀರಿ ಇದು. ಅಲ್ಲೆ ಕಳದೇನಿ, ಇಲ್ಲೆ ಕೂಡಸೇನಿ. ಲೆಕ್ಕ ಸರಿ ಐತ್ರಿ."

"ಲೆಕ್ಕ ಸರಿ ಇದ್ರ ತೂಕ ಯಾಕ ಏರಾಕತ್ತೈತಿ?"

ಮಾಸ್ತರರು ಪೇಢೆ ಬಾಯಿಗಿಟ್ಟುಕೊಂಡು ಸ್ವಲ್ಪ ಯೋಚಿಸಿದರು. "ಅದು ದಶಕ ರೀ ಬಾಯಾರ. ಕೂಡಸಾಗ ಕೈಯಾಗ ಉಳಿದದ್ದು."

ತುಲಾಭಾರ

ಇದು ಅಣ್ಣಿಗೇರಿ ಕಡೆ ನಡೆದದ್ದು. ಹತ್ತಿ ದಲಾಲಿ ಅಂಗಡಿಯ ಸಾಹುಕಾರರೊಬ್ಬರು ಗಾದಿಯಿಂದ ಎದ್ದೇಳಲು ಇಬ್ಬರು ಆಳು ಬೇಕು ಅನ್ನುವಷ್ಟು ದಪ್ಪವಿದ್ದರು. ಮಗಳ ಲಗ್ನ ಕೂಡಿಬಂದರೆ ಮಠದಲ್ಲಿ ಸಕ್ಕರೆಯಿಂದ ತುಲಾಭಾರ ಮಾಡಿಸಿ ಊರಿಗೆಲ್ಲ ಹಂಚುತ್ತೇನೆಂದು ಹರಕೆ ಹೊತ್ತಿದ್ದರು. ಲಗ್ನ ಕೂಡಿಬಂತು. ರೇಶನ್ ಸಕ್ಕರೆಗೆ ಸಾಲು ನಿಲ್ಲುವ ಕಾಲ. ಊರೆಲ್ಲ ದಿನ ಎಣಿಸತೊಡಗಿತು.

ಅಷ್ಟರಲ್ಲಿ ಅವರು ಎದೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಅವರ ಅಪ್ಪ, ಅಣ್ಣ ಇಬ್ಬರೂ ಇದೇ ವಯಸ್ಸಿನಲ್ಲಿ ಕೂತಲ್ಲೇ ಹೋಗಿದ್ದರು. "ಬಾಯಾರ, ಮಗಳ ಲಗ್ನದ ಅಕ್ಕಿಕಾಳ ನೋಡೂತನಾರ ಇರಬೇಕ್ರಿ ನಾ," ಎಂದಾಗ ಅಷ್ಟು ದೊಡ್ಡ ಮನುಷ್ಯನ ಧ್ವನಿ ಸಣ್ಣದಾಗಿತ್ತು. ತುಲಾಭಾರಕ್ಕೆ ಇನ್ನೂ ಕೆಲವು ತಿಂಗಳಿತ್ತು. ಸಿಹಿ ಪೂರ್ತಿ ಬಿಡಿ, ದಿನಾ ನಡೆಯಿರಿ ಎಂದೆ.

ಅವರು ನಿಜವಾಗಿಯೂ ಬಿಟ್ಟರು. ಮುಂಜಾನೆ ರೈಲ್ವೆ ಸ್ಟೇಶನ್ನಿನವರೆಗೆ ನಡೆಯುತ್ತಿದ್ದರು. ದಾರಿಯಲ್ಲಿ ಮನೆಮನೆಯವರು ಅಡ್ಡ ನಿಲ್ಲುತ್ತಿದ್ದರು: "ಬರ್ರಿ ಸಾಹುಕಾರ್ರ, ಒಂದ ಹೋಳಗಿ ತಿಂದು ಹೋಗ್ರಿ." ಮಠದ ಭಕ್ತೆಯಾದ ಒಬ್ಬ ಮುದುಕಿ ದವಾಖಾನೆಗೇ ಬಂದು ನನ್ನನ್ನು ವಿಚಾರಿಸಿದಳು: "ಊರ ಪಾಲಿನ ಸಕ್ಕರಿ ಕರಗಸಾಕತ್ತೀರಿ. ತುಲಾಭಾರ ಆಗೂತನಾ ಸುಮ್ಮನಿರಾಕ ಬರತಿದ್ದಿಲ್ಲೇನ್ರಿ?" ಸಾಹುಕಾರರು ಯಾರಿಗೂ ಬಗ್ಗಲಿಲ್ಲ. ಅಂಗಿ ಸಡಿಲಾಯಿತು, ಎದೆ ನೋವೂ ನಿಂತಿತು.

ತುಲಾಭಾರದ ದಿನ ಮಠದಲ್ಲಿ ಅವರ ಅಂಗಡಿಯದೇ ದೊಡ್ಡ ತಕ್ಕಡಿ ತೂಗು ಹಾಕಿದ್ದರು. ಅವರ ಹಳೆಯ ತೂಕಕ್ಕೆ ಸರಿಯಾಗಿ ತರಿಸಿದ್ದ ಸಕ್ಕರೆ ಚೀಲಗಳಿಗೆ ಆಗಲೇ ವಿಭೂತಿ ಹಚ್ಚಿ, ಹೂ ಏರಿಸಿ, ತಕ್ಕಡಿಯ ಒಂದು ತಟ್ಟೆಯಲ್ಲಿ, ಅಂದರೆ ಪರಡಿಯಲ್ಲಿ, ಇಟ್ಟಿದ್ದರು. ಸಾಹುಕಾರರು ಇನ್ನೊಂದು ಪರಡಿಯಲ್ಲಿ ಕೂತರು. ತಕ್ಕಡಿ ಅಲುಗಲಿಲ್ಲ. ಅವರು ಮೇಲೆಯೇ ಕಾಲು ಆಡಿಸುತ್ತ ಜೋತಾಡಿದರು. ಅವರ ಮಗ ಒಂದು ಚೀಲ ಇಳಿಸಲು ಕೈ ಹಾಕಿದ. ಜನರಲ್ಲಿ ಗುಜುಗುಜು ಎದ್ದಿತು.

ಮಠದ ಸ್ವಾಮಿಗಳಾದ ಅಜ್ಜಾರು ತಡೆದರು: "ದೇವರಿಗೆ ಏರಿಸಿದ್ದು ಇಳಸಾಕ ಬರೂದಿಲ್ಲಪಾ. ಅರ್ಧಾಂಗಿ ಅದಾರಲ್ಲ, ಬಾಜೂಕ ಕುಂದರ್ಲಿ."

ಸಾಹುಕಾರರ ಹೆಂಡತಿ ಕಂಬದ ಮರೆಯಲ್ಲಿದ್ದರು. ನಾಲ್ಕು ಮಂದಿ ಹೆಂಗಸರು ಕರೆದರೂ ಬರಲೊಲ್ಲರು. ಕೊನೆಗೆ ಸೆರಗು ಹೊದ್ದುಕೊಂಡು, ನನ್ನ ಕಡೆ ಒಮ್ಮೆ ನೋಡಿ, ಬಂದು ಕೂತರು. ಪರಡಿ ಧೊಪ್ಪನೆ ನೆಲಕ್ಕೆ ಬಡಿಯಿತು. ಸಕ್ಕರೆ ಚೀಲಗಳು ಮೇಲಕ್ಕೆ ಹಾರಿ ನಿಂತವು. "ಹರ ಹರ ಮಹಾದೇವ!" ಎಂದು ಜನ ಕೂಗಿದರು. ಮಗ ಸಕ್ಕರೆ ತರಲು ಬಂಡಿ ಕಳಿಸಿದ. ಒಂದು ಚೀಲ ಏರಿಸಿದರು, ಸಾಲಲಿಲ್ಲ. ಮತ್ತೊಂದು ಏರಿಸಿದರು, ಪರಡಿ ನೆಲ ಬಿಡಲಿಲ್ಲ. ಆ ಮುದುಕಿ ನನಗೆ ದೂರದಿಂದಲೇ ಕೈ ಮುಗಿದಳು.

ಸಾಹುಕಾರರು ಹೆಂಡತಿಯನ್ನು ಆಗ ಮೊದಲ ಸಲ ನೋಡುವವರಂತೆ ನೋಡಿದರು. "ಮನಿಗೆ ಬಂದ ಉಂಡಿ, ಪೇಢೆ, ಬಿಸ್ಕೀಟು ಒಂದೂ ನಾ ಮುಟ್ಟಲಿಲ್ಲ. ಎಲ್ಲಾ ಎಲ್ಲಿ ಹೋತು ಅಂತಿದ್ದೆ!"

ಆಕೆ ಸೆರಗಿನೊಳಗಿಂದಲೇ ಹೇಳಿದರು: "ಡಾಕ್ಟರ್ ಬಾಯಾರ ನಿಮಗ ತಿನಬ್ಯಾಡ್ರಿ ಅಂದ್ರು. ಚೆಲ್ರಿ ಅಂತ ಯಾರೂ ಅನ್ನಲಿಲ್ಲಲ್ರಿ."