ಜೋಳ ಆರಿಸುವ ಕೈ ಮದ್ದು ಆರಿಸಿದಾಗ

ಜೋಳದ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ಸಿಂದಗಿ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷದಿಂದ ಕಾಳಿನ ಅಡತಿ ಅಂಗಡಿ ನಡೆಸುತ್ತಿದ್ದೇನೆ. ಚೀಲದೊಳಗೆ ಕೈ ಇಳಿಸಿ, ಒಂದು ಹಿಡಿ ತೆಗೆದು, ಅಂಗೈ ಮೇಲೆ ಹೊರಳಿಸಿ, ಒಂದು ಕಾಳು ಕಡಿದು ನೋಡಿದರೆ ಸಾಕು. ಅದರ ಕುಲಗೋತ್ರವೆಲ್ಲ ಹೇಳಿಬಿಡುತ್ತೇನೆ. ನಮ್ಮ ಮನೆಯ ರೊಟ್ಟಿಯನ್ನು ಬೀಗರು ಬಾಯ್ತುಂಬ ಹೊಗಳುತ್ತಾರೆ. ಬಡಿಯುವವಳು ನನ್ನ ಹೆಂಡತಿ ಶಾಂತಾ, ಒಪ್ಪುತ್ತೇನೆ. ಆದರೆ ಅಂಗಡಿಯಿಂದ ಜೋಳ ಆರಿಸಿ ಕಳಿಸುವವನು ನಾನು. ಇಂಥವನಿಗೆ ಬಂದೂಕಿನ ಮದ್ದು ಆರಿಸುವುದು ಯಾವ ಮಹಾ ಕೆಲಸ!

ಬಂದೂಕು ಯಾಕೆ ಬಂತು ಎಂದು ಹೇಳಬೇಕು. ಯಂಕಂಚಿ ಹತ್ತಿರದ ನಮ್ಮ ಊರಿನ ಮನೆಯಲ್ಲಿ ಅಜ್ಜನ ಕಾಲದ್ದೊಂದು ಬಂದೂಕಿದೆ. ನಳಿಗೆಯ ಬಾಯಿಂದಲೇ ಕರಿಮದ್ದು ಸುರಿದು, ಸಲಾಕೆಯಿಂದ ಜಡಿದು, ಹಿಂದೆ ಕಿಡಿ ಹಾರಿಸುವ ಪುಟ್ಟ ಕೇಪು ಸಿಗಿಸಿ ಹಾರಿಸುವಂಥದ್ದು. ಅದಕ್ಕೆ ವರ್ಷಕ್ಕೆ ಒಂದೇ ಕೆಲಸ. ದಸರೆಯ ಸಂಜೆ ಊರವರೆಲ್ಲ ಸೀಮೆಯ ಬನ್ನಿ ಗಿಡದ ಹತ್ತಿರ ಸೇರುತ್ತಾರೆ. ನಮ್ಮ ಬಂದೂಕು ಆಕಾಶದ ಕಡೆ ಮುಖ ಮಾಡಿ, ಗುಂಡಿಲ್ಲದೆ, ಒಂದೇ ಒಂದು ಸಪ್ಪಳ ಮಾಡುವವರೆಗೆ ಯಾರೂ ಎಲೆ ಮುಟ್ಟುವಂತಿಲ್ಲ. ಇದು ನಮ್ಮ ಮನೆತನದ ಹಕ್ಕು.

ನನ್ನ ತಂದೆಯ ತಮ್ಮ ಶಿವಪ್ಪ ಕಾಕಾ ಈ ಹಕ್ಕನ್ನು ನಲವತ್ತು ವರ್ಷ ಒಮ್ಮೆಯೂ ತಪ್ಪದೆ ನಡೆಸಿದ. ಈಚೆಗೆ ಅವನ ರಟ್ಟೆ ಸೋತು, ಪರವಾನಗಿ ನನ್ನ ಹೆಸರಿಗೆ ಬಂತು. ಇತ್ತ ಊರಲ್ಲಿ ಕೆಲವರು, ಇನ್ನು ಈ ಹಳೇ ಬಂದೂಕು ಯಾಕೆ, ಒಂದು ದೊಡ್ಡ ಪಟಾಕಿ ಹಚ್ಚಿದರೆ ಆಯಿತಲ್ಲ ಎಂದು ಮಾತಾಡತೊಡಗಿದ್ದರು. ಒಂದೇ ಒಂದು ಸಲ ಬಂದೂಕು ಕೈಕೊಟ್ಟರೆ ಅಜ್ಜನ ಕಾಲದ ಹಕ್ಕು ಪಟಾಕಿಯ ಪಾಲು. ಕಾಕಾನಿಗೆ ಅದೊಂದೇ ಚಿಂತೆ. ಬಂದೂಕು ಒಪ್ಪಿಸುವಾಗ, ತಳದಲ್ಲಿ ಒಂದಿಷ್ಟು ಹಳೇ ಮದ್ದು ಉಳಿದಿದ್ದ ಹಿತ್ತಾಳೆ ಡಬ್ಬಿಯನ್ನೂ ನನ್ನ ಕೈಗಿಟ್ಟು ಹೇಳಿದ:

“ಹೊಸಾ ಮದ್ದು ತರ್ತಿ ನೋಡು ತಮ್ಮಾ, ಹಿಂಗ ರವಾ ಇದ್ದಂಗ ಇರಬೇಕು. ಒಣಗಿರಬೇಕು. ಇಷ್ಟ ನೆನಪಿಡು.”

ನಾನು ಡಬ್ಬಿಯೊಳಗೆ ಇಣುಕಿದೆ. ಪೂರಾ ನುಚ್ಚು! ಇಂಥ ಮಾಲು ನನ್ನ ಅಂಗಡಿಗೆ ಬಂದರೆ ಕೋಳಿಗೆ ಹಾಕಲು ಹೇಳಿ ಕಳಿಸುತ್ತೇನೆ. ಪಾಪ, ಕಾಕಾನಿಗೆ ಇಷ್ಟು ವರ್ಷ ಯಾರೋ ಕಳಪೆ ಮಾಲು ಕೊಟ್ಟು ಮೋಸ ಮಾಡಿದ್ದಾರೆ ಎಂದು ಮರುಗಿದೆ. ಅದನ್ನು ಚೆಲ್ಲಿಬಿಡು ಎಂದು ಪಕ್ಕದಲ್ಲೇ ನಿಂತು ಎಲ್ಲ ಕೇಳುತ್ತಿದ್ದ ಶಾಂತಾಳಿಗೆ ಅಪ್ಪಣೆ ಮಾಡಿ, ವಿಜಯಪುರದ ಪರವಾನಗಿ ಅಂಗಡಿಗೆ ಹೊರಟೆ.

ಅಂಗಡಿಯವ ಮೂರು ನಮೂನೆ ತೋರಿಸಿದ. ಒಂದು ಹಿಟ್ಟಿನಂತೆ, ಒಂದು ರವೆಯಂತೆ, ಮತ್ತೊಂದು ಜೋಳದ ಕಾಳಿನಷ್ಟು ದಪ್ಪ, ಮಿರಿಮಿರಿ ಮಿಂಚುವ ಕಪ್ಪು. ನಾನು ಶಾಸ್ತ್ರೋಕ್ತವಾಗಿ ಪರೀಕ್ಷೆ ಆರಂಭಿಸಿದೆ. ಅಂಗೈ ಮೇಲೆ ಹೊರಳಿಸಿದೆ. ಮೂಸಿದೆ. ಆಮೇಲೆ ಅಭ್ಯಾಸಬಲದಿಂದ ಒಂದು ಕಾಳು ಕಡಿದೆ. ಅಂಗಡಿಯವ ಒಂದು ತಂಬಿಗೆ ನೀರು ತಂದಿಟ್ಟ. ಬಾಯಿ ಮುಕ್ಕಳಿಸಿ, ಕರಿ ಹಲ್ಲು ತೋರಿಸಿ, ದಪ್ಪ ಕಾಳಿನದೇ ಕೊಡು ಎಂದೆ. ಅದು ಫಿರಂಗಿಗೆ ಹಾಕುವಂಥದ್ದು, ನಿಮ್ಮ ಬಂದೂಕಿಗೆ ಜಲ್ದಿ ಕಿಡಿ ಹಿಡಿಯುವುದಿಲ್ಲ ಎಂದು ಅವನು ಎರಡು ಸಲ ಹೇಳಿದ. ಉಳಿದ ಮಾಲು ಖಾಲಿ ಮಾಡಲು ವ್ಯಾಪಾರಿಗಳು ಏನೇನು ಹೇಳುತ್ತಾರೆಂದು ನನಗೆ ಗೊತ್ತಿಲ್ಲವೇ? ನಾನೂ ವ್ಯಾಪಾರಿಯೇ.

ಮದ್ದು ಮನೆಗೆ ಬಂದ ದಿನ ಶಾಂತಾ, ಇದು ಹೋಗುವವರೆಗೆ ಒಲೆ ಹಚ್ಚುವುದಿಲ್ಲ ಎಂದು ಘೋಷಿಸಿದಳು. ಕೊನೆಗೆ ಡಬ್ಬಿ ಅಂಗಳದಾಚೆಯ ಬೀಗದ ಕೋಣೆಗೆ ಹೋದ ಮೇಲೆಯೇ ರೊಟ್ಟಿ ಸಿಕ್ಕಿತು. ದಸರೆಗೆ ಇನ್ನೂ ತಿಂಗಳಿತ್ತು. ಹೊರಗೆ ಮಳೆ ಹಿಡಿದಿತ್ತು. ಅಂಥ ಥಂಡಿಯಲ್ಲಿ ಕಾಳು ಸುಮ್ಮನೆ ಇಟ್ಟರೆ ಏನಾಗುತ್ತದೆಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಹುಳ ಹತ್ತುತ್ತದೆ! ತೊಗರಿಗೆ, ಹೆಸರಿಗೆ ಏನು ಮಾಡುತ್ತೇವೋ ಅದನ್ನೇ ಇದಕ್ಕೂ ಮಾಡಿದೆ. ಪರಾತದಲ್ಲಿ ಹರವಿ, ಔಡಲೆಣ್ಣೆ ಸುರಿದು, ಕಾಳುಕಾಳಿಗೂ ಹತ್ತುವಂತೆ ಎರಡೂ ಕೈಯಿಂದ ಸವರಿದೆ. ಮೇಲೆ ಒಣಗಿದ ಬೇವಿನ ಎಲೆ ಉದುರಿಸಿ, ಡಬ್ಬಿಯ ಬಾಯಿ ಬಿಗಿದೆ. ಮದ್ದು ಮೊದಲಿಗಿಂತ ಹೆಚ್ಚು ಮಿಂಚುತ್ತಿತ್ತು. ನನಗೆ ನನ್ನ ಮೇಲೆ ಗೌರವ ಹೆಚ್ಚಾಯಿತು.

ದಸರೆಯ ಸಂಜೆ ಊರೆಲ್ಲ ಬನ್ನಿ ಗಿಡದ ಸುತ್ತ ನೆರೆದಿತ್ತು. ನಾನು ಹಳದಿ ರುಮಾಲು ಸುತ್ತಿ, ಬಂದೂಕಿಗೆ ಮದ್ದು ಜಡಿದು, ಗಂಭೀರವಾಗಿ ಆಕಾಶಕ್ಕೆ ಹಿಡಿದೆ. ಹೆಂಗಸರು ಕಿವಿ ಮುಚ್ಚಿಕೊಂಡರು. ಬಂದೂಕಿನ ಕುದುರೆ ಎಳೆದೆ.

ಟಪ್.

ಕೇಪು ಮಾತ್ರ ಸಿಡಿಯಿತು. ಬಂದೂಕನ್ನು ಹಾಗೆಯೇ ಮೇಲಕ್ಕೆ ಹಿಡಿದು ನಿಲ್ಲು ಎಂದ ಕಾಕಾ. ನಿಂತೆ. ಏನೂ ಆಗಲಿಲ್ಲ. ಮತ್ತೊಂದು ಕೇಪು. ಟಪ್. ಮೂರನೆಯದು. ಟಪ್. ಹೆಂಗಸರು ಕಿವಿಯಿಂದ ಕೈ ತೆಗೆದು ಮಾತಿಗೆ ಕುಳಿತರು. ಹಿಂದಿನಿಂದ ಯಾರೋ, ಯಾರ ಮನೆಯಲ್ಲಾದರೂ ಪಟಾಕಿ ಇದೆಯೇ ಎಂದು ವಿಚಾರಿಸುವುದು ಕೇಳಿಸಿತು. ಕಾಕಾನ ಮುಖ ನೋಡಿದೆ. ನಲವತ್ತು ವರ್ಷದ ಮಾನ ಅವನ ಕಣ್ಣಲ್ಲಿ ನೀರಾಗಿ ನಿಂತಿತ್ತು. ಆಗ ಮಾತ್ರ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಕಾಕಾ ಸ್ವಲ್ಪ ಹೊತ್ತು ಬಿಟ್ಟು ಬಂದೂಕು ಇಸಿದುಕೊಂಡ. ತುದಿಗೆ ತಿರುಪು ಇದ್ದ ಸಲಾಕೆ ಇಳಿಸಿ, ತಿರುವಿ, ಹುಷಾರಾಗಿ ಹೊರಗೆಳೆದ. ಎಳ್ಳುಂಡೆಯಂಥ ಒಂದು ಕರಿ ಮುದ್ದೆ ಹೊರಬಂತು. ಅದಕ್ಕೊಂದು ಬೇವಿನ ಎಲೆ ಅಂಟಿತ್ತು. ಕಾಕಾ ಅದನ್ನು ಮೂಸಿ ನೋಡಿದ.

“ಏನ್ ಹಾಕೀದಿ ಇದಕ್ಕ?”

“ಔಡಲೆಣ್ಣಿ,” ಎಂದೆ. “ಹುಳಾ ಹತ್ತಬಾರದಂತ.”

ಕಾಕಾ ಮುದ್ದೆಯಿಂದ ಬೇವಿನ ಎಲೆ ಬಿಡಿಸಿ ನನ್ನ ಕೈಗಿಟ್ಟ. ಆಮೇಲೆ ಮೆಲ್ಲಗೆ ಹೇಳಿದ: “ಎಣ್ಣಿ ಹಚ್ಚಬ್ಯಾಡಂತ ಹೇಳಬೇಕಿತ್ತು. ನಂದ ತಪ್ಪು.”

ಅಷ್ಟರಲ್ಲಿ ಶಾಂತಾ ಗುಂಪಿನಿಂದ ಮುಂದೆ ಬಂದು, ಸೆರಗಿನ ಮರೆಯಿಂದ ಹಿತ್ತಾಳೆ ಡಬ್ಬಿಯನ್ನು ತೆಗೆದು ಕಾಕಾನ ಮುಂದಿಟ್ಟಳು. ನಾನು ಚೆಲ್ಲಲು ಹೇಳಿದ್ದ ಅದೇ ನುಚ್ಚು.

“ನೀವು ರವಾ ಇದ್ದಂಗ ಇರಬೇಕಂತ ಹೇಳಿದ್ರೆಲ್ಲ, ಮಾವಾರ. ಅದಕ್ಕ ಚೆಲ್ಲಲಿಲ್ಲ.”

ಕಾಕಾ ನಳಿಗೆ ಒರೆಸಿ, ಒಣಗಿಸಿ, ತಾನೇ ಅಳೆದು ಮದ್ದು ಹಾಕಿ ನನ್ನ ಕೈಗೆ ಕೊಟ್ಟ. ನಾನು ಕಣ್ಣು ಮುಚ್ಚಿ ಎಳೆದೆ. ಢಂ! ಗಿಡದ ಮೇಲಿನ ಹಕ್ಕಿಗಳೂ ನನ್ನ ರುಮಾಲೂ ಒಟ್ಟಿಗೇ ಹಾರಿದವು. ಊರು ಬನ್ನಿಗೆ ಮುಗಿಬಿತ್ತು. ಬಂಗಾರ ತಗೊಂಡು ಬಂಗಾರದಂಗ ಇರೂಣು ಎನ್ನುತ್ತಾ ಎಲೆ ಕೊಟ್ಟವರೆಲ್ಲ, ಹುಳ ಹತ್ತಲಿಲ್ಲ ಹೌದಲ್ಲ ಎಂದು ತಪ್ಪದೆ ವಿಚಾರಿಸಿದರು.

ಎಲ್ಲ ಮುಗಿದ ಮೇಲೆ ಕಾಕಾ ಶಾಂತಾಳ ಕೈಗೆ ಬನ್ನಿ ಎಲೆ ಇಟ್ಟು ಹೇಳಿದ: “ಮುಂದಿನ ಸಲ ಮದ್ದು ನೀನ ಆರ್ಸವ್ವಾ. ಇಂವಾ ಜ್ವಾಳ ಆರ್ಸಲಿ. ಅದರಾಗ ಇವನ ಕೈ ಚಲೋ ಐತಿ.”

ನಾನು ತುಸು ಎದೆ ಉಬ್ಬಿಸಿದೆ. ಮುಳುಗುವವನಿಗೆ ಹುಲ್ಲುಕಡ್ಡಿ. ಶಾಂತಾ ತಲೆ ತಗ್ಗಿಸಿ, ಹಿರಿಯರ ಮುಂದೆ ಹೇಗೆ ಮಾತಾಡಬೇಕೋ ಹಾಗೆ, ಬಲು ವಿನಯದಿಂದ ಉತ್ತರಿಸಿದಳು:

“ಇವರು ಕಳ್ಸಿದ ಜ್ವಾಳ ನಾನು ಎಮ್ಮಿಗೆ ಹಾಕ್ತೇನ್ರಿ, ಮಾವಾರ. ರೊಟ್ಟಿಗೆ ಬಾಜೂ ಮನಿಯವರ ಹೊಲದ್ದು ನಾನ ಆರ್ಸಿ ತರ್ತೇನಿ. ಇಪ್ಪತ್ತು ವರ್ಷ ಆತು.”

ಈ ಇಪ್ಪತ್ತು ವರ್ಷಗಳಲ್ಲಿ ಎಮ್ಮೆ ಒಮ್ಮೆಯೂ ದೂರಿಲ್ಲ. ನನಗೆ ಈಗ ಉಳಿದಿರುವ ಪ್ರಮಾಣಪತ್ರ ಅದೊಂದೇ.