ಪುರಂದರನ ಆಯಿಲ್ ಕೂಲರ್ ಮುಂದಕ್ಕೆ ಹೋದದ್ದು

ಈ ಕತೆಯಲ್ಲಿ ಒಂದು ಹನಿ ಸುಳ್ಳೂ ಇಲ್ಲ. ಸೋರಿದ ಹನಿಗಳೆಲ್ಲ ಆಯಿಲಿನವು.

ಪುತ್ತಿಗೆಯ ಪುರಂದರನಲ್ಲಿ ಇಪ್ಪತ್ತೆರಡು ವರ್ಷ ಪ್ರಾಯದ ಒಂದು ಡೀಸೆಲ್ ಜೀಪು ಇತ್ತು. ಮನುಷ್ಯರ ಹತ್ತಿರ ಅವನು ಕನ್ನಡ, ಮಲಯಾಳ ಎರಡೂ ಮಾತಾಡುತ್ತಿದ್ದ. ಜೀಪಿನ ಹತ್ತಿರ ಮಾತ್ರ ಮನೆಮಾತು ತುಳು. ಅಂಥ ಜೀಪಿನಲ್ಲಿ ಒಂದು ವಾರದಿಂದ ತೊಂದರೆ ಶುರುವಾಗಿತ್ತು. ಆಯಿಲಿನ ಬಿಸಿ ತೋರಿಸುವ ಮೀಟರಿನ ಮುಳ್ಳು, ಏರು ಬಂದದ್ದೇ ತಡ, ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಕೈಯಂತೆ ಟಕ್ಕನೆ ಮೇಲೆದ್ದು ಕೆಂಪು ಗೆರೆಯಲ್ಲಿ ನಿಂತುಬಿಡುತ್ತಿತ್ತು.

ಶನಿವಾರ ಬೆಳಿಗ್ಗೆ ಅವನ ಹೆಂಡತಿ ಭವ್ಯಶ್ರೀ ಟೀಚರು ತೀರ್ಪು ಕೊಟ್ಟರು.

"ಸಂಜೆ ನಾಲ್ಕಕ್ಕೆ ಕಾರಡ್ಕಕ್ಕೆ, ತಂಗಿ ಮನೆಗೆ ಹೋಗ್ಲಿಕ್ಕುಂಟು. ದಾರಿಯಲ್ಲಿ ಒಂದೇ ಒಂದು ಸಲ ಆ ಮುಳ್ಳು ಕೆಂಪಿಗೆ ಹೋದ್ರೆ ಈ ಜೀಪು ನಿಸಾರನಿಗೆ. ಮತ್ತೆ ಎಂತ ಹೇಳಿದ್ರೂ ಕೇಳುವವಳಲ್ಲ ನಾನು."

ನಿಸಾರ್ ಪಕ್ಕದ ಮನೆಯವನು. ದುಬಾಯಿಯ ವರ್ಕ್‌ಶಾಪಿನಿಂದ ರಜೆಯಲ್ಲಿ ಬಂದವನು, ಬಂದಾಗಿನಿಂದ ಜೀಪಿಗೆ ದಿನಕ್ಕೆರಡು ಪ್ರದಕ್ಷಿಣೆ ಹಾಕುತ್ತಿದ್ದ.

ಆಯಿಲ್ ಕೂಲರ್ ಎಂದರೆ ಆಯಿಲನ್ನು ತಣಿಸುವ, ಹಂಚಿನಷ್ಟೇ ದೊಡ್ಡ ಒಂದು ಜಾಲರಿ. ಇಂಜಿನಿನ ಬದಿಯಲ್ಲಿ ಸೈಲೆನ್ಸರಿನ ಕಾವಿಗೆ ಅದು ತಾನೇ ಬೇಯುತ್ತಿದೆ ಎಂದು ಪುರಂದರ ತೀರ್ಮಾನಿಸಿದ. ಬೆಳಿಗ್ಗೆಯೇ ಬಿಚ್ಚಿ ಮುಂದುಗಡೆ, ಗಾಳಿ ಬಡಿಯುವ ಗ್ರಿಲ್ಲಿನ ಹಿಂದೆ ಬಿಗಿದ. ಬಿಗಿದ ಮೇಲೆ ನೋಡಿದರೆ ಹಳೆಯ ಎರಡು ಪೈಪುಗಳೂ ಅಲ್ಲಿವರೆಗೆ ಎಟಕುತ್ತಿರಲಿಲ್ಲ.

ನಮ್ಮ ಕಡೆ ಬಾನೆಟ್ ಎತ್ತಿದರೆ ಅದು ಊರಿಗೆ ಕೊಟ್ಟ ಕರೆಯೋಲೆ. ಐದೇ ನಿಮಿಷದಲ್ಲಿ ಪಂಪ್ ರಿಪೇರಿಯ ಮೂಸಬ್ಬ ಬಂದರು, ಪ್ಲಂಬರ್ ಚನಿಯ ಬಂದ, ನಿಸಾರ್ ಬಂದ. ಕೊನೆಗೆ ಮನೀಶ್ ಬಂದ. ಅವನು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್. ಪಾಠ ಅರ್ಧ, ಪ್ರಿನ್ಸಿಪಾಲರ ಮಿಮಿಕ್ರಿ ಅರ್ಧ.

"ಪೈಪು ಯಾವ ಸೈಜು?" ಎಂದು ಪುರಂದರ ಕೇಳಿದ. ಕೇಳಬಾರದಿತ್ತು.

"ಹದಿನಾರು ಎಮ್ಮೆಮ್," ಎಂದರು ಮೂಸಬ್ಬ. "ಒಳಗಿನ ತೂತು ಹದಿನಾರು. ಸಣ್ಣದು ಹಾಕಿದ್ರೆ ಆಯಿಲಿಗೆ ದಮ್ಮು ಕಟ್ತದೆ."

"ಎಮ್ಮೆಮ್ ಎಲ್ಲ ಪಂಪಿಗೆ, ಸಾಹೇಬ್ರೇ. ಇದು ಐದು ಸೂತು," ಎಂದ ಚನಿಯ. ಇಂಚಿನ ಎಂಟನೇ ಒಂದು ಪಾಲಿಗೆ ಅವನ ಭಾಷೆಯಲ್ಲಿ ಸೂತು. "ಮೂವತ್ತು ವರ್ಷ ಪೈಪಿನೊಟ್ಟಿಗೇ ಇದ್ದವ ನಾನು."

ನಿಸಾರ್ ಕನ್ನಡಕ ಮೇಲಕ್ಕೇರಿಸಿದ. "ಇಬ್ರಿಗೂ ಗೊತ್ತಿಲ್ಲ. ನಮ್ಮ ವರ್ಕ್‌ಶಾಪಲ್ಲಿ ಇದಕ್ಕೆ ಹತ್ತು ನಂಬರ್ ಹೋಸ್ ಅಂತ ಹೇಳುದು. ಹತ್ತು ಅಂದ್ರೆ ಹತ್ತೇ."

"ನೀರು ಹರಿಯುವುದಕ್ಕೂ ನಂಬರ್ ಕೊಟ್ಟಿದ್ದಾನಾ ನಿನ್ನ ಶೇಖು?" ಎಂದ ಚನಿಯ.

ಒಂದು ಗಂಟೆ ಕಳೆಯಿತು. ಮೂಸಬ್ಬ ಬೀಡಿ ಎಸೆದು ಎದ್ದು ಹೋದವರು ವಾಪಸ್ ಬಂದರು. ಚನಿಯ "ನಾನು ಈ ಮನೆಯ ನಲ್ಲಿ ಇನ್ನು ಮುಟ್ಟುವುದಿಲ್ಲ" ಎಂದ. ಮನೀಶ್ ಮೂವರ ಸ್ವರದಲ್ಲೂ ಸರದಿಯಂತೆ ಜಗಳ ಮುಂದುವರಿಸಿದ್ದರಿಂದ, ಆಡಿದ್ದು ಯಾರು, ಅಣಕಿಸಿದ್ದು ಯಾರು ಎಂದು ಅವರಿಗೇ ತಿಳಿಯದೆ ಹೋಯಿತು. ಪುರಂದರ ಹಳೆಯ ಪೈಪಿನ ಒಂದು ತುದಿಯ ನಟ್ಟನ್ನು ಕಿಸೆಗೆ ಹಾಕಿ, ಮನೀಶನ ಸ್ಕೂಟರ್ ಹತ್ತಿ ಒಬ್ಬನೇ ನಾಯ್ಮಾರ್ಮೂಲೆಯ ಪೈಪಿನ ಅಂಗಡಿಗೆ ಹೊರಟ.

ಅಂಗಡಿಯ ಪ್ರವೀಣ್ ಎಲ್ಲ ಕೇಳಿ, ಮೊಣಕೈಯನ್ನು ಮೇಜಿಗೆ ಊರಿ ನಿಂತ.

"ಅಣ್ಣ, ಐದು ಸೂತು ಅಂದ್ರೂ ಹದಿನಾರು ಎಮ್ಮೆಮ್ಮೇ. ಹತ್ತು ನಂಬರೂ ಅದೇ. ಮೂರು ಜನ ಒಂದೇ ಪೈಪು ಹೇಳಿದ್ದು."

ಪುರಂದರ ಸ್ಟೂಲಿನ ಮೇಲೆ ಕೂತುಕೊಂಡ.

"ಉದ್ದ ಎಷ್ಟು?"

ಅದನ್ನು ಅಳೆದಿರಲಿಲ್ಲ. ಮೂಸಬ್ಬರಿಗೆ ಫೋನ್ ಮಾಡಿದ. ಅವರ ಫೋನು ಪುರಂದರನ ಜಗಲಿಯಲ್ಲೇ ಚಾರ್ಜಿಗಿತ್ತು, ಎತ್ತಿದವನು ಮನೀಶ್.

"ಆರು ಮೀಟರ್ ತೆಗಿ," ಎಂದಿತು ಮೂಸಬ್ಬರ ಗೊಗ್ಗರು ಸ್ವರ. "ಇಂಜಿನ್ ಅಲುಗಾಡ್ತದಲ್ಲ, ಪೈಪಿಗೂ ಸ್ವಲ್ಪ ಕೈಕಾಲು ಆಡಿಸ್ಲಿಕ್ಕೆ ಜಾಗ ಬೇಡ್ವಾ?"

ಬೇಕಾದದ್ದು ಎರಡೇ ಮೀಟರು. ಆರು ಮೀಟರ್ ಪೈಪನ್ನು ಹೆಬ್ಬಾವಿನಂತೆ ಕೊರಳಿಗೆ ಸುತ್ತಿಕೊಂಡು ಬಂದ ಪುರಂದರನನ್ನು ಕಂಡು ಮೂಸಬ್ಬರೇ ಮೊದಲು ಕೇಳಿದರು, "ಇಷ್ಟು ಎಂತಕೆ ಮಾರಾಯ, ಕಾರಡ್ಕದವರೆಗೆ ಪೈಪಲ್ಲೇ ಹೋಗ್ಲಿಕ್ಕುಂಟಾ?"

ತಂದ ನಾಲ್ಕು ನಟ್ಟುಗಳಲ್ಲಿ ಎರಡು ಇಂಜಿನಿಗೆ ಬೆಣ್ಣೆಯಂತೆ ಕೂತವು. ಕೂಲರಿನ ಕಡೆಯವು ಎರಡು ಸುತ್ತು ಹೋಗಿ ಹಟ ಹಿಡಿದವು. ಇಂಜಿನಿನ ಥ್ರೆಡ್ಡು ಎಮ್ಮೆಮ್ ಲೆಕ್ಕದ್ದು, ಕೂಲರಿನದ್ದು ಇಂಚಿನದ್ದು. ಒಂದು ತುದಿಯ ಸ್ಯಾಂಪಲ್ ಒಯ್ದದ್ದಕ್ಕೆ ಶಿಕ್ಷೆಯಾಗಿ ಪುರಂದರ ಎರಡನೇ ಸಲ ನಾಯ್ಮಾರ್ಮೂಲೆಗೆ ಹೋದ. ಊಟ ಮಾಡಲಿಲ್ಲ. ಮೂರೂವರೆಗೆ ಕೊನೆಯ ನಟ್ಟು ಬಿಗಿದು, ಸ್ಟಾರ್ಟ್ ಮಾಡಿ, ಕೆಳಗೆ ಪೇಪರ್ ಹಾಸಿ ಕಾದ. ಒಂದು ಹನಿ ಬೀಳಲಿಲ್ಲ.

ನಾಲ್ಕಕ್ಕೆ ಹೊರಟರು. ಮುಂದೆ ಭವ್ಯಶ್ರೀ ಟೀಚರು. ಹಿಂದೆ ತಮಾಷೆ ನೋಡಲು ಮನೀಶ್, ಜೀಪು ನೋಡಲು ನಿಸಾರ್. ಸಮತಟ್ಟಿನಲ್ಲಿ ಮುಳ್ಳು ಎದ್ದೇಳಲಿಲ್ಲ. ಪುರಂದರ ಮೆಲ್ಲಗೆ ತುಳುವಿನಲ್ಲಿ ಜೀಪನ್ನು ಹೊಗಳಿದ. ಕಾರಡ್ಕ ಇನ್ನೂ ಸ್ವಲ್ಪ ದೂರ ಇರುವಾಗ ದೊಡ್ಡ ಏರು ಬಂತು. ಅರ್ಧ ಹತ್ತಿದಾಗ ಮುಳ್ಳು ಟಕ್ಕನೆ ಕೆಂಪಿಗೆ ಹಾರಿತು.

ಪುರಂದರ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ ಕೂಲರಿಗೆ ಕೈ ಹಚ್ಚಿದ. ಮರೆತುಹೋದ ಚಹಾದಷ್ಟೇ ಬೆಚ್ಚಗಿತ್ತು, ಮುಳ್ಳು ಮಾತ್ರ ಇನ್ನೂ ಕೆಂಪಿನಲ್ಲೇ. ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಮನೀಶ್ ಹಿಂದಿನಿಂದ ಇಳಿದು ಬಂದ. ಆ ದಿನ ಮೊದಲ ಬಾರಿಗೆ ಅವನ ಸ್ವಂತ ಸ್ವರ ಕೇಳಿಸಿತು. "ಪುರಂದರಣ್ಣ, ಹೊಡೆಯುವುದಿಲ್ಲ ಅಂದ್ರೆ ಒಂದು ವಿಷಯ ಹೇಳ್ತೇನೆ. ಆ ಮೀಟರಿನ ವಯರ್ ಉಂಟಲ್ಲ, ಕಳೆದ ವಾರ ಅದರ ಸಿಪ್ಪೆ ಸ್ವಲ್ಪ ತೆಗೆದಿಟ್ಟದ್ದು ನಾನು. ಏರು ಹತ್ತುವಾಗ ಇಂಜಿನ್ ವಾಲ್ತದೆ, ವಯರ್ ಜೀಪಿನ ತಗಡಿಗೆ ತಾಗ್ತದೆ, ಮುಳ್ಳು ಹಾರ್ತದೆ. ತಮಾಷೆಗೆ. ಟೀಚರು ಜೀಪು ಮಾರುವವರೆಗೆ ಹೋಗ್ತಾರೆ ಅಂತ ಯಾರಿಗೆ ಗೊತ್ತಿತ್ತು?"

ಪುರಂದರ ವಯರನ್ನು ಸರಿಸಿದ. ಮುಳ್ಳು ಬೈಸಿಕೊಂಡ ಬೆಕ್ಕಿನಂತೆ ಕೆಳಗಿಳಿಯಿತು.

"ಅಂದ್ರೆ ಇಂಜಿನ್ ಕಾಯಲೇ ಇಲ್ಲ," ಎಂದ ಪುರಂದರ. "ನನ್ನ ಜೀಪಿಗೆ ಎಂತದೂ ಆಗಲೇ ಇಲ್ಲ." ಹೊಡೆಯಲು ಎತ್ತಿದ ಕೈಯಲ್ಲೇ ಮನೀಶನನ್ನು ಅಪ್ಪಿಕೊಂಡ.

ನಿಸಾರ್ ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ನನಗೆ ಜೀಪು ಬೇಕು, ಪುರಂದರಣ್ಣ. ಕಾಯುವ ಇಂಜಿನ್ ಬೇಡವೇ ಬೇಡ ಅಂತ ಈಗ ಈ ಏರಿನಲ್ಲೇ ತೀರ್ಮಾನ ಮಾಡಿದ್ದೆ. ಕಾಯುದಿಲ್ಲ ಅಂತ ಆಯ್ತಲ್ಲ."

ಪುರಂದರ ಗೆದ್ದವನ ಗತ್ತಿನಲ್ಲಿ ಹೆಂಡತಿಯ ಕಡೆ ತಿರುಗಿದ. "ಹೇಳು ಇವನಿಗೆ."

ಭವ್ಯಶ್ರೀ ಟೀಚರು ಸೆರಗು ಸರಿಮಾಡಿಕೊಂಡರು. "ನಾನು ಹೇಳಿದ್ದು ಮುಳ್ಳು ಕೆಂಪಿಗೆ ಹೋದ್ರೆ ಅಂತ. ಇಂಜಿನ್ ಕಾದ್ರೆ ಅಂತ ಹೇಳಿದ್ನಾ? ಮುಳ್ಳು ಹೋದದ್ದು ನಾಲ್ಕು ಜನ ನೋಡಿದ್ದೇವೆ. ನನ್ನ ಮಾತು ಮಾತೇ."

ಮುಳ್ಳು ಕೆಂಪಿಗೆ ಹೋದದ್ದರಿಂದ ಹೆಂಡತಿ ಮಾರುತ್ತಾಳೆ. ಅದು ಸುಳ್ಳು ಕೆಂಪಾದದ್ದರಿಂದ ನಿಸಾರ್ ಕೊಳ್ಳುತ್ತಾನೆ. ಪುರಂದರ ಎರಡನ್ನೂ ಮನಸ್ಸಿನಲ್ಲೇ ತಿರುಗಿಸಿ, ಎಲ್ಲಿಯಾದರೂ ಸಡಿಲ ಉಂಟೋ ಎಂದು ನೋಡಿದ. ಎಲ್ಲ ಕಡೆಯೂ ಬಿಗಿಯೇ.

ಮೊದಲು ಅವನ ಮೂಗಿನಿಂದ ಒಂದು ಸದ್ದು ಹೊರಟಿತು. ಆಮೇಲೆ ಹೊಟ್ಟೆ ಕುಲುಕಿತು. ಕೊನೆಗೆ ಅವನು ರಸ್ತೆಬದಿಯ ಮೈಲಿಗಲ್ಲಿನ ಮೇಲೆ ಕೂತು ನಗತೊಡಗಿದ. ಟೀಚರು ನಕ್ಕರು, ನಿಸಾರ್ ನಕ್ಕ, ತಪ್ಪಿತಸ್ಥ ಮನೀಶನೂ ಹೆದರುತ್ತ ಹೆದರುತ್ತ ನಕ್ಕ. ಆದರೆ ಏರಿನ ಕೆಳಗೆ ಬಸ್ಸಿಗೆ ಕಾಯುತ್ತಿದ್ದವರಿಗೆ ಕೇಳಿಸಿದ್ದು ಪುರಂದರನ ನಗು ಒಂದೇ.